ಕಸ್ತೂರಬಾ: ಕಡಲಾಚೆಯ ನೆಲದಲ್ಲಿ ಸಂಸಾರ ಕಟ್ಟಿದ ತಾಯಿ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ಸಾಗುವ ಕಸ್ತೂರಬಾ ರಸ್ತೆ ಕೊನೆಗೆ ಮಹಾತ್ಮ ಗಾಂಧಿ ರಸ್ತೆಯನ್ನು ಕೂಡಿಕೊಳ್ಳುತ್ತದೆ. ಹಿಂದೆ ಸಿಡ್ನಿ ರಸ್ತೆ ಎನಿಸಿಕೊಂಡಿದ್ದ ಈ ದಾರಿಯಲ್ಲಿ ವಸ್ತುಸಂಗ್ರಹಾಲಯಗಳನ್ನು ನೋಡಲು ಶಾಲಾ ಮಕ್ಕಳು ಸಾಲುಗಟ್ಟಿ ಬರುತ್ತಾರೆ; ವಾಹನಗಳ ದಟ್ಟಣೆಗಂತೂ ಬಿಡುವಿಲ್ಲ. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೂ ಅದೇ ಹೆಸರು. ಹೆಸರು ಕೇಳದ ಕನ್ನಡಿಗರಿಲ್ಲ. ಆದರೆ ಆ ಹೆಸರಿನ ಹಿಂದಿರುವ ಹೆಣ್ಣುಮಗಳ ಬದುಕನ್ನು ನಾವು ಎಷ್ಟು ಬಲ್ಲೆವು?

ತ್ಯಾಗಮಯಿ, ಪತಿವ್ರತೆ, ರಾಷ್ಟ್ರಪಿತನ ಸಹಧರ್ಮಿಣಿ. ಪ್ರತಿ ವರ್ಷ ಫೆಬ್ರುವರಿ 22ರ ಪುಣ್ಯತಿಥಿಯಂದು ಕಸ್ತೂರಬಾ ಅವರಿಗೆ ಸಲ್ಲುವ ವಿಶೇಷಣಗಳು ಇವು. ಅವರು ಎರಡು ಹಂತಗಳಲ್ಲಿ ಸುಮಾರು 14 ವರ್ಷ ದಕ್ಷಿಣ ಆಫ್ರಿಕದಲ್ಲಿ ವಲಸಿಗರ ಹೆಂಡತಿಯಾಗಿ, ವಲಸಿಗ ಮಕ್ಕಳ ತಾಯಿಯಾಗಿ ಬಾಳಿದರು. ಆ ವರ್ಷಗಳನ್ನು ಬಿಡಿಬಿಡಿಯಾಗಿ ನೋಡಿದಾಗ ತ್ಯಾಗ ಎಂಬ ಒಂದು ಪದದೊಳಗೆ ಎರಡು ಬೇರೆ ಸಂಗತಿಗಳು ಬೆರೆತಿರುವುದು ಕಾಣುತ್ತದೆ. ಕೆಲವನ್ನು ಅವರು ಮನಸಾರೆ ಕೊಟ್ಟರು. ಇನ್ನು ಕೆಲವನ್ನು ಅವರಿಂದ ತೆಗೆದುಕೊಳ್ಳಲಾಯಿತು.

ಪೋರಬಂದರಿನಿಂದ ಡರ್ಬನ್‌ಗೆ

ಕಸ್ತೂರ್ ಹುಟ್ಟಿದ್ದು 1869ರ ಏಪ್ರಿಲ್ 11ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಗೋಕುಲದಾಸ ಮಕನಜಿ ಅನುಕೂಲಸ್ಥ ವ್ಯಾಪಾರಿ. ಅಂದಿನ ರೂಢಿಯಂತೆ ಮಗಳನ್ನು ಶಾಲೆಗೆ ಕಳುಹಿಸಲಿಲ್ಲ. ಏಳನೇ ವಯಸ್ಸಿನಲ್ಲಿ ನಿಶ್ಚಿತಾರ್ಥ, ಹದಿಮೂರರಲ್ಲಿ ಮದುವೆ. ವರ ಮೋಹನದಾಸ ವಧುವಿಗಿಂತ ಕೆಲವು ತಿಂಗಳು ಚಿಕ್ಕವನು. ಮೊದಲ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿತು. 1888ರಲ್ಲಿ ಹರಿಲಾಲ ಹುಟ್ಟಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಂಡ ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಅವರು ಮರಳಿದ್ದು 1891ರಲ್ಲಿ. ಮರುವರ್ಷ ಮಣಿಲಾಲ ಹುಟ್ಟಿದ. 1893ರಲ್ಲಿ ಗಂಡ ಮತ್ತೆ ಹೊರಟರು, ಈ ಬಾರಿ ದಕ್ಷಿಣ ಆಫ್ರಿಕಕ್ಕೆ. ಹೀಗೆ ತಾಯ್ತನದ ಮೊದಲ ವರ್ಷಗಳನ್ನು ಕಸ್ತೂರಬಾ ಬಹುಪಾಲು ಒಬ್ಬರೇ, ಅತ್ತೆಯ ಮನೆಯ ಕೂಡುಕುಟುಂಬದಲ್ಲಿ ಕಳೆದರು.

1896ರಲ್ಲಿ ಗಾಂಧೀಜಿ ಸಂಸಾರವನ್ನು ಕರೆದೊಯ್ಯಲು ಬಂದರು. ವರ್ಷದ ಕೊನೆಯಲ್ಲಿ ಕೋರ್ಲ್ಯಾಂಡ್ ಎಂಬ ಹಡಗಿನಲ್ಲಿ ಪಯಣ. ಕಸ್ತೂರಬಾ ಅವರ ಜೊತೆಗೆ ಇಬ್ಬರು ಗಂಡುಮಕ್ಕಳು ಮತ್ತು ವಿಧವೆ ನಾದಿನಿಯ ಮಗ. ಯುರೋಪಿಯನ್ನರ ನಾಡಿನಲ್ಲಿ ಸಭ್ಯರೆನಿಸಿಕೊಳ್ಳಬೇಕಾದರೆ ಉಡುಗೆ ತೊಡುಗೆ ಬದಲಾಗಬೇಕು ಎಂಬುದು ಆಗ ಗಾಂಧೀಜಿಯವರ ನಂಬಿಕೆ. ಅಂತೆಯೇ ಕಸ್ತೂರಬಾ ಪಾರ್ಸಿ ಹೆಂಗಸರ ರೀತಿಯಲ್ಲಿ ಸೀರೆ ಉಡಬೇಕಾಯಿತು. ಮಕ್ಕಳಿಗೆ ಕೋಟು, ಷರಾಯಿ, ಕಾಲುಚೀಲ, ಬೂಟು. ಊಟಕ್ಕೆ ಚಮಚ, ಮುಳ್ಳುಚಮಚ, ಚಾಕು. ಬೂಟು ಕಚ್ಚಿ ಮಕ್ಕಳ ಪಾದ ನೋಯುತ್ತಿತ್ತು, ಕಾಲುಚೀಲ ಬೆವರಿನಿಂದ ನಾರುತ್ತಿತ್ತು. ಆದರೂ ಗಂಡನ ಮಾತು ಮೀರುವಂತಿರಲಿಲ್ಲ. ಮುಂದೆ ಗಾಂಧೀಜಿ ಸರಳ ಜೀವನಕ್ಕೆ ಹೊರಳಿದಾಗ ಇದೇ ಸಂಸಾರ ಇದೇ ಉಡುಗೆಯನ್ನು ಕಳಚಿಹಾಕಬೇಕಾಯಿತು. ಉಡುವುದೂ ಅವರ ಆಯ್ಕೆಯಾಗಿರಲಿಲ್ಲ, ಕಳಚುವುದೂ ಆಗಿರಲಿಲ್ಲ.

ಮುಂಬಯಿಯಲ್ಲಿ ಪ್ಲೇಗು ಹಬ್ಬಿದ್ದ ಕಾಲ ಅದು. ಆ ನೆಪದಲ್ಲಿ ಹಡಗನ್ನು ಡರ್ಬನ್ ಬಂದರಿನ ಹೊರಗೆ ಮೂರು ವಾರಗಳಿಗೂ ಹೆಚ್ಚು ಕಾಲ ತಡೆಹಿಡಿಯಲಾಯಿತು. ನಿಜವಾದ ಕಾರಣ, ಭಾರತೀಯರು ಬಂದಿಳಿಯುವುದಕ್ಕೆ ಅಲ್ಲಿನ ಬಿಳಿಯರ ವಿರೋಧ. 1897ರ ಜನವರಿ 13ರಂದು ಇಳಿಯಲು ಅವಕಾಶ ದೊರೆತಾಗ ಕಸ್ತೂರಬಾ ಮತ್ತು ಮಕ್ಕಳನ್ನು ಮೊದಲೇ ಗಾಡಿಯಲ್ಲಿ ಪಾರ್ಸಿ ರುಸ್ತುಂಜಿಯವರ ಮನೆಗೆ ಕಳುಹಿಸಲಾಯಿತು. ಹಿಂದೆ ನಡೆದು ಬಂದ ಗಾಂಧೀಜಿಯವರ ಮೇಲೆ ಗುಂಪು ಕಲ್ಲು, ಇಟ್ಟಿಗೆ, ಕೊಳೆತ ಮೊಟ್ಟೆಗಳಿಂದ ದಾಳಿ ಮಾಡಿತು. ಗಾಯಗೊಂಡ ಗಂಡ ಮನೆ ತಲುಪಿದರೂ ಗಂಡಾಂತರ ಕಳೆಯಲಿಲ್ಲ. ರಾತ್ರಿ ಗುಂಪು ರುಸ್ತುಂಜಿಯವರ ಮನೆಯನ್ನೇ ಸುತ್ತುವರಿಯಿತು. ಪೊಲೀಸ್ ಅಧಿಕಾರಿಯ ಸಲಹೆಯಂತೆ ಗಾಂಧೀಜಿ ಪೇದೆಯ ವೇಷದಲ್ಲಿ ಪಾರಾದರು. ಭಾಷೆ ತಿಳಿಯದ ಊರಿನಲ್ಲಿ, ಹೊರಗೆ ಗುಂಪು ಅಬ್ಬರಿಸುತ್ತಿರುವಾಗ, ಮಕ್ಕಳೊಡನೆ ಒಳಗೆ ಉಳಿದವರು ಕಸ್ತೂರಬಾ. ಹೊಸ ನಾಡು ಅವರನ್ನು ಬರಮಾಡಿಕೊಂಡ ಬಗೆ ಇದು.

ತೆರೆದ ಗೇಟಿನ ಮುಂದೆ

ಡರ್ಬನ್ನಿನ ಮನೆಯಲ್ಲಿ ಗಂಡನ ಗುಮಾಸ್ತರೂ ವಾಸವಾಗಿದ್ದರು. ಕೋಣೆಗಳಲ್ಲಿ ನೀರು ಹೋಗುವ ವ್ಯವಸ್ಥೆ ಇರಲಿಲ್ಲ. ರಾತ್ರಿ ಬಳಸುವ ಮೂತ್ರದ ಪಾತ್ರೆಗಳನ್ನು ಬೆಳಿಗ್ಗೆ ತೊಳೆಯಬೇಕಿತ್ತು. ಹೊಸದಾಗಿ ಬಂದ ಗುಮಾಸ್ತರೊಬ್ಬರು ಪಂಚಮರೆನಿಸಿಕೊಂಡ ತಂದೆತಾಯಿಗೆ ಹುಟ್ಟಿದ ಕ್ರೈಸ್ತರು. ಅವರ ಪಾತ್ರೆಯನ್ನು ದಂಪತಿಗಳೇ ತೊಳೆಯಬೇಕೆಂದು ಗಾಂಧೀಜಿ ನಿರ್ಧರಿಸಿದರು. ಕಸ್ತೂರಬಾ ಅಳುತ್ತಾ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬಂದರು. ಗಂಡನಿಗೆ ಅದು ಸಾಲದು. ಕೆಲಸವನ್ನು ನಗುತ್ತಾ ಮಾಡಬೇಕಿತ್ತು. ಮಾತಿಗೆ ಮಾತು ಬೆಳೆಯಿತು. ಕೋಪದ ಭರದಲ್ಲಿ ಗಾಂಧೀಜಿ ಹೆಂಡತಿಯ ಕೈಹಿಡಿದು ಗೇಟಿನವರೆಗೆ ಎಳೆದೊಯ್ದು, ಹೊರಹಾಕಲೆಂದು ಗೇಟು ತೆರೆದರು. ತಂದೆತಾಯಿ, ಬಂಧುಬಳಗ ಯಾರೂ ಇಲ್ಲದ ಈ ಊರಿನಲ್ಲಿ ತಾನು ಎಲ್ಲಿಗೆ ಹೋಗಲಿ ಎಂದು ಆಕೆ ಕೇಳಿದಾಗ ಗಂಡನಿಗೆ ನಾಚಿಕೆಯಾಗಿ ಗೇಟು ಮುಚ್ಚಿದರು.

1898ರ ಈ ಘಟನೆಯನ್ನು ನಾವು ತಿಳಿದಿರುವುದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡದ್ದರಿಂದ. ಅಸ್ಪೃಶ್ಯತೆಯ ವಿಷಯದಲ್ಲಿ ಅಂದು ಅವರ ನಿಲುವು ಸರಿಯಾಗಿತ್ತು, ಕಸ್ತೂರಬಾ ಹುಟ್ಟಿ ಬೆಳೆದ ಸಂಪ್ರದಾಯ ತಪ್ಪಾಗಿತ್ತು. ಆದರೆ ತಾಯ್ನೆಲದಲ್ಲಾಗಿದ್ದರೆ ಮುನಿದ ಹೆಂಡತಿಗೆ ತವರುಮನೆಯ ಬಾಗಿಲಾದರೂ ಇರುತ್ತಿತ್ತು. ವಲಸೆ ಹೋದ ಹೆಣ್ಣಿಗೆ ಗೇಟಿನ ಆಚೆ ಏನೂ ಇರಲಿಲ್ಲ. ಅವರ ಸಹನೆಯನ್ನು ಹೊಗಳುವಾಗ ಈ ಸಂಗತಿಯನ್ನು ಮರೆಯಲಾಗದು.

ಅಂದು ಪಾತ್ರೆ ಹಿಡಿದು ಅತ್ತ ಅದೇ ಕಸ್ತೂರಬಾ ಬದಲಾದರೆಂಬುದೂ ಅಷ್ಟೇ ನಿಜ. 1915ರಲ್ಲಿ ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿ ಎಂಬ ದಲಿತ ಶಿಕ್ಷಕರ ಕುಟುಂಬ ಬಂದಾಗ ಅವರು ಮತ್ತೊಮ್ಮೆ ಹಿಂಜರಿದರು. ಕಾಲಕ್ರಮದಲ್ಲಿ ಆ ಕುಟುಂಬದ ಪುಟ್ಟ ಲಕ್ಷ್ಮಿ ಆಶ್ರಮದಲ್ಲಿ ಮಗಳಾಗಿಯೇ ಬೆಳೆದಳು.

ಐವತ್ತು ಗಿನಿಯ ಸರ

ಡರ್ಬನ್ನಿನಲ್ಲಿ ರಾಮದಾಸ, ಬಳಿಕ 1900ರ ಮೇ 22ರಂದು ದೇವದಾಸ ಹುಟ್ಟಿದರು. ದೇವದಾಸನ ಹೆರಿಗೆಯ ನೋವು ಹಠಾತ್ತನೆ ಕಾಣಿಸಿಕೊಂಡಿತು. ವೈದ್ಯರೂ ಸೂಲಗಿತ್ತಿಯೂ ಸಕಾಲಕ್ಕೆ ಸಿಗಲಿಲ್ಲ. ಪುಸ್ತಕ ಓದಿ ತಿಳಿದುಕೊಂಡಿದ್ದ ಗಂಡನೇ ಹೆರಿಗೆ ಮಾಡಿಸಿದರು. ಗಾಂಧೀಜಿ ಕಠೋರ ಗಂಡನಷ್ಟೇ ಆಗಿರಲಿಲ್ಲ. ಶುಶ್ರೂಷೆ ಅವರಿಗೆ ಪ್ರಿಯವಾದ ಕಾಯಕವಾಗಿತ್ತು.

1901ರಲ್ಲಿ ಕುಟುಂಬ ಭಾರತಕ್ಕೆ ಹೊರಟಾಗ ಅಲ್ಲಿನ ಭಾರತೀಯ ಸಮುದಾಯ ಚಿನ್ನ, ಬೆಳ್ಳಿ, ವಜ್ರದ ಕಾಣಿಕೆಗಳನ್ನು ನೀಡಿತು. ಅದರಲ್ಲಿ 50 ಗಿನಿ ಬೆಲೆಯ ಚಿನ್ನದ ಸರವೊಂದು ಕಸ್ತೂರಬಾ ಅವರಿಗೆಂದೇ ಬಂದದ್ದು. ಗಾಂಧೀಜಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಸಾರ್ವಜನಿಕ ಸೇವೆಗೆ ಪ್ರತಿಫಲ ಪಡೆಯುವುದು ಸಲ್ಲದೆಂದು ತೀರ್ಮಾನಿಸಿ, ಮೊದಲು ಮಕ್ಕಳನ್ನು ಒಪ್ಪಿಸಿದರು. ನಂತರ ಹೆಂಡತಿಯ ಸರದಿ.

ಕಸ್ತೂರಬಾ ಸುಲಭವಾಗಿ ಸೋಲಲಿಲ್ಲ. ತನಗೆ ಬೇಡದಿದ್ದರೂ ನಾಳೆ ಬರುವ ಸೊಸೆಯಂದಿರಿಗೆ ಬೇಕಲ್ಲವೇ ಎಂಬುದು ಅವರ ಮೊದಲ ವಾದ. ನಾಳಿನ ದಿನ ಹೇಗಿರುವುದೋ ಬಲ್ಲವರಾರು ಎಂಬುದು ಎರಡನೆಯದು. ಮಕ್ಕಳನ್ನು ಈಗಿನಿಂದಲೇ ಸಾಧುಗಳನ್ನಾಗಿ ಮಾಡಹೊರಟಿರಾ ಎಂದೂ ಕೇಳಿದರು. ಈ ಸರ ಬಂದದ್ದು ತನ್ನ ಸೇವೆಗೋ ಆಕೆಯ ಸೇವೆಗೋ ಎಂದು ಗಂಡ ಪ್ರಶ್ನಿಸಿದಾಗ, ಹಗಲಿರುಳು ತಾನು ದುಡಿದದ್ದು, ಕಂಡಕಂಡವರನ್ನೆಲ್ಲ ಮನೆಗೆ ಕರೆತಂದಾಗ ಅವರ ಸೇವೆ ಮಾಡಿದ್ದು ಸೇವೆಯಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಆ ಪ್ರಶ್ನೆ ನಾಟಿತೆಂದು ಗಾಂಧೀಜಿಯೇ ಒಪ್ಪಿಕೊಂಡಿದ್ದಾರೆ. ಆದರೂ ಕಾಣಿಕೆಗಳೆಲ್ಲವೂ ಸಮುದಾಯದ ನಿಧಿಗೆ ಸೇರಿದವು.

ಸಾರ್ವಜನಿಕ ನೀತಿಯ ದೃಷ್ಟಿಯಿಂದ ಗಾಂಧೀಜಿಯವರ ತೀರ್ಮಾನ ಇಂದಿಗೂ ಮಾದರಿ. ಆದರೆ ನಾಲ್ಕು ಗಂಡುಮಕ್ಕಳ ತಾಯಿಯೊಬ್ಬಳು ಪರದೇಶದಲ್ಲಿ ನಾಳೆಗಾಗಿ ತುಸು ಚಿನ್ನ ಉಳಿಸಿಕೊಳ್ಳಬಯಸಿದ್ದು ದುರಾಸೆಯೇ? ವಿದೇಶದಲ್ಲಿ ಸಂಸಾರ ಹೂಡಿದ ಯಾವ ತಾಯಿಗೂ ಆ ಭಯ ಅಪರಿಚಿತವಲ್ಲ.

ಮಳೆಯಲ್ಲಿ ಫೀನಿಕ್ಸಿಗೆ

1904ರ ಕೊನೆಯ ಹೊತ್ತಿಗೆ ಕಸ್ತೂರಬಾ ಮಕ್ಕಳೊಡನೆ ಮತ್ತೆ ದಕ್ಷಿಣ ಆಫ್ರಿಕಕ್ಕೆ ಹೋದರು. ಹಿರಿಯ ಮಗ ಹರಿಲಾಲ ಭಾರತದಲ್ಲೇ ಉಳಿದ. ಅದೇ ವರ್ಷ ಡರ್ಬನ್ ಸಮೀಪ 100 ಎಕರೆ ನೆಲದಲ್ಲಿ ಫೀನಿಕ್ಸ್ ವಸಾಹತು ಆರಂಭವಾಗಿತ್ತು. ಜೋಹಾನ್ಸ್‌ಬರ್ಗಿನ ವಕೀಲರ ಮನೆಯಿಂದ ಕಸ್ತೂರಬಾ ಸಂಸಾರ ಅಲ್ಲಿನ ತಗಡಿನ ಮನೆಗೆ ಬಂದಿತು. 1906ರಲ್ಲಿ ಗಾಂಧೀಜಿ ಬ್ರಹ್ಮಚರ್ಯ ವ್ರತ ತೊಟ್ಟರು. ಸತ್ಯಾಗ್ರಹ ಆರಂಭವಾದ ಮೇಲೆ ಗಂಡ ಜೈಲಿಗೆ ಹೋಗುವುದು ಬರುವುದು ಮನೆಯ ದಿನಚರಿಯೇ ಆಯಿತು.

1908ರ ಕೊನೆಯಲ್ಲಿ ಕಸ್ತೂರಬಾ ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಗಾಂಧೀಜಿ ಆಗ ಜೈಲಿನಲ್ಲಿದ್ದರು. ದಂಡ ಕಟ್ಟಿದ್ದರೆ ಹೊರಬರಬಹುದಿತ್ತು. ಹೋರಾಟದ ನಿಯಮಕ್ಕೆ ಅದು ವಿರುದ್ಧವೆಂದು ಬರಲಿಲ್ಲ. ಬಿಡುಗಡೆಯ ಬಳಿಕ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ರೋಗಿ ತೀರಾ ನಿಶ್ಶಕ್ತರಾಗಿದ್ದ ಕಾರಣ ಕ್ಲೋರೋಫಾರ್ಮ್ ಕೊಡದೆಯೇ ವೈದ್ಯರು ಶಸ್ತ್ರ ಪ್ರಯೋಗಿಸಿದರು. ಕಸ್ತೂರಬಾ ಆ ನೋವನ್ನು ನುಂಗಿಕೊಂಡರು.

ಕೆಲವು ದಿನಗಳಲ್ಲಿ ಸ್ಥಿತಿ ಮತ್ತೆ ಬಿಗಡಾಯಿಸಿತು. ಗೋಮಾಂಸದ ಸಾರು ಕುಡಿಸದೆ ಬದುಕಿಸಲಾಗದು ಎಂದು ವೈದ್ಯರು ಪಟ್ಟುಹಿಡಿದರು. ಅವರನ್ನು ಕೇಳಿಯೇ ತೀರ್ಮಾನಿಸಬೇಕೆಂದು ಗಾಂಧೀಜಿ ಹೇಳಿದರು. ಕೇಳಿದಾಗ ಕಸ್ತೂರಬಾ ಖಚಿತವಾಗಿ ನಿರಾಕರಿಸಿದರು. ಸತ್ತರೂ ಸರಿ, ಅದನ್ನು ಕುಡಿಯಲಾರೆ ಎಂಬುದು ಅವರ ನಿರ್ಧಾರ. ಕೂಡಲೇ ಅಲ್ಲಿಂದ ಕರೆದೊಯ್ಯುವಂತೆ ಗಂಡನನ್ನು ಕೇಳಿಕೊಂಡರು. ತುಂತುರು ಮಳೆಯಲ್ಲಿ ರಿಕ್ಷಾ, ನಂತರ ರೈಲು, ಫೀನಿಕ್ಸ್ ನಿಲ್ದಾಣದಿಂದ ಎರಡೂವರೆ ಮೈಲಿ ಜೋಲಿಯಲ್ಲಿ ಹೊತ್ತು ಸಾಗಿಸಲಾಯಿತು. ದಾರಿಯುದ್ದಕ್ಕೂ ಕಂಗೆಟ್ಟಿದ್ದ ಗಂಡನಿಗೆ ಧೈರ್ಯ ತುಂಬಿದವರು ರೋಗಿಯೇ. ಕಸ್ತೂರಬಾ ಚೇತರಿಸಿಕೊಂಡರು.

ಆ ದಿನ ಯಾರ ಒತ್ತಾಯವೂ ಇರಲಿಲ್ಲ. ಪ್ರಾಣದ ಹಂಗು ತೊರೆದ ನಿರ್ಧಾರ ಅವರದೇ ಆಗಿತ್ತು.

ಹೆಂಡತಿ ಎಂಬ ಹಕ್ಕಿಗಾಗಿ ಜೈಲು

1913ರ ಮಾರ್ಚ್ 14ರಂದು ಕೇಪ್ ಪ್ರಾಂತ್ಯದ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ನೀಡಿದ ತೀರ್ಪು ವಲಸಿಗ ಭಾರತೀಯರ ಮನೆಮನೆಯನ್ನೂ ತಟ್ಟಿತು. ಕ್ರೈಸ್ತ ವಿಧಿಯಂತೆ ನಡೆದು ನೋಂದಣಿಯಾಗದ ಮದುವೆಗೆ ಮಾನ್ಯತೆ ಇಲ್ಲ ಎಂಬುದು ಅದರ ತಾತ್ಪರ್ಯ. ಹಿಂದೂ, ಮುಸ್ಲಿಂ, ಪಾರ್ಸಿ ಹೆಂಡತಿಯರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಹೆಂಡತಿಯರಲ್ಲದಂತಾದರು. ಅವರ ಮಕ್ಕಳು ಹಕ್ಕುದಾರರಲ್ಲದಂತಾದರು.

ಗಾಂಧೀಜಿ ಹೆಂಗಸರನ್ನೂ ಸತ್ಯಾಗ್ರಹಕ್ಕೆ ಇಳಿಸಲು ನಿಶ್ಚಯಿಸಿ ಫೀನಿಕ್ಸಿನ ಇತರ ಮಹಿಳೆಯರೊಡನೆ ಮಾತನಾಡಿದರು. ಹೆಂಡತಿಯನ್ನು ಕೇಳಲಿಲ್ಲ; ಗಂಡನ ಮುಲಾಜಿಗೆ ಒಪ್ಪಿಕೊಂಡಾಳೆಂಬ ಅಳುಕು. ಮಾತು ಕಿವಿಗೆ ಬಿದ್ದಾಗ ಕಸ್ತೂರಬಾ ನೊಂದರು. ಜೈಲಿಗೆ ಹೋಗಲು ಬೇಕಾದ ಯಾವ ಯೋಗ್ಯತೆ ತನ್ನಲ್ಲಿಲ್ಲ ಎಂದು ಕೇಳಿ, ತಾನೂ ಹೊರಡುವೆನೆಂದು ಹಟ ಹಿಡಿದರು.

ಸೆಪ್ಟೆಂಬರ್ 15ರಂದು 16 ಜನರ ತಂಡ ಫೀನಿಕ್ಸಿನಿಂದ ಹೊರಟಿತು. ಅದರಲ್ಲಿ ನಾಲ್ವರು ಮಹಿಳೆಯರು; ಕಸ್ತೂರಬಾ ಅವರ ಜೊತೆ ಮಗ ರಾಮದಾಸನೂ ಇದ್ದ. ಟ್ರಾನ್ಸ್‌ವಾಲ್ ಗಡಿಯ ಫೋಕ್ಸ್‌ರಸ್ಟ್‌ನಲ್ಲಿ ಬಂಧನವಾಯಿತು. ಮೂರು ತಿಂಗಳ ಕಠಿಣ ಸಜೆ. ಮೊದಲೇ ಸೊರಗಿದ್ದ ದೇಹಕ್ಕೆ ಪೀಟರ್‌ಮರಿಟ್ಸ್‌ಬರ್ಗ್ ಜೈಲಿನ ಆಹಾರ ಒಗ್ಗಲಿಲ್ಲ. ಡಿಸೆಂಬರಿನಲ್ಲಿ ಹೊರಬಂದಾಗ ಎಲುಬಿನ ಹಂದರವಾಗಿದ್ದರು. ಅದೇ ಹೋರಾಟದಲ್ಲಿ ಜೈಲು ಸೇರಿ ಜ್ವರ ಹಿಡಿದ ತಮಿಳು ಬಾಲೆ ವಳ್ಳಿಯಮ್ಮೈ 1914ರ ಫೆಬ್ರುವರಿ 22ರಂದು ಕಣ್ಮುಚ್ಚಿದಳು. ಸರಿಯಾಗಿ 30 ವರ್ಷಗಳ ನಂತರ ಅದೇ ದಿನ ಕಸ್ತೂರಬಾ ಕೊನೆಯುಸಿರೆಳೆದರು.

ಮಹಿಳೆಯರ ಜೈಲುವಾಸ ಗಣಿ ಕಾರ್ಮಿಕರನ್ನು ಕೆರಳಿಸಿತು, ಮುಷ್ಕರ ಹಬ್ಬಿತು. 1914ರ ಭಾರತೀಯ ಪರಿಹಾರ ಕಾಯ್ದೆ ಭಾರತೀಯ ವಿವಾಹಗಳಿಗೆ ಮಾನ್ಯತೆ ನೀಡಿತು. ಕರಾರು ಕೂಲಿಗಳ ಮೇಲಿದ್ದ ಮೂರು ಪೌಂಡ್ ತೆರಿಗೆಯೂ ರದ್ದಾಯಿತು. ಜುಲೈ 18ರಂದು ದಂಪತಿಗಳು ದಕ್ಷಿಣ ಆಫ್ರಿಕ ಬಿಟ್ಟರು.

ಅಪ್ಪ ಮಗನ ನಡುವೆ

ಕಸ್ತೂರಬಾ ಅವರ ಎಲ್ಲಕ್ಕಿಂತ ದೊಡ್ಡ ದುಃಖಕ್ಕೂ ಮೂಲ ಆ ನೆಲದಲ್ಲೇ ಇತ್ತು. ಡರ್ಬನ್ನಿನ ಯುರೋಪಿಯನ್ ಶಾಲೆಗಳಲ್ಲಿ ತಮ್ಮ ಮಕ್ಕಳಿಗೆ ವಿಶೇಷ ರಿಯಾಯಿತಿಯಿಂದ ಪ್ರವೇಶ ಸಿಗಬಹುದಾಗಿದ್ದರೂ, ಇತರ ಭಾರತೀಯ ಮಕ್ಕಳಿಗೆ ಇಲ್ಲದ್ದು ತಮ್ಮವರಿಗೂ ಬೇಡವೆಂದು ಗಾಂಧೀಜಿ ಬಿಟ್ಟರು. ಮನೆಯಲ್ಲಿ ಕಲಿಸುವ ಪ್ರಯತ್ನ ಅರೆಬರೆಯಾಗಿ ಉಳಿಯಿತು. ಹರಿಲಾಲ 1906ರಲ್ಲಿ ಗುಲಾಬ್ ಎಂಬ ಹುಡುಗಿಯನ್ನು ಮದುವೆಯಾಗಿ, ದಕ್ಷಿಣ ಆಫ್ರಿಕಕ್ಕೆ ಬಂದು, ಸತ್ಯಾಗ್ರಹದಲ್ಲಿ ಹಲವು ಸಲ ಜೈಲಿಗೆ ಹೋದ. ತಂದೆಯಂತೆ ಇಂಗ್ಲೆಂಡಿನಲ್ಲಿ ಓದಬೇಕೆಂಬ ಆಸೆ ಅವನದು. ಅವಕಾಶ ಒದಗಿದಾಗ ತಂದೆ ಅದನ್ನು ಬೇರೆಯವರಿಗೆ ಕೊಡಿಸಿದರು. 1911ರಲ್ಲಿ ಮಗ ತಂದೆಯನ್ನು ತೊರೆದು ಭಾರತಕ್ಕೆ ಮರಳಿದ.

1918ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಗುಲಾಬ್ ತೀರಿಕೊಂಡಳು. ಹರಿಲಾಲ ಕುಡಿತಕ್ಕೆ ಬಿದ್ದ. ತಾಯಿಯಿಲ್ಲದ ಮೊಮ್ಮಕ್ಕಳನ್ನು ಕಸ್ತೂರಬಾ ಮಡಿಲಿಗೆ ಹಾಕಿಕೊಂಡರು. ಅತ್ತ ಆಶ್ರಮದ ಅಪರಿಗ್ರಹ ನಿಯಮ ಅವರನ್ನೂ ಬಿಡಲಿಲ್ಲ. ಯಾರೋ ಕಾಣಿಕೆಯಾಗಿ ಕೊಟ್ಟ ನಾಲ್ಕು ರೂಪಾಯಿಯನ್ನು ಆಶ್ರಮದ ಲೆಕ್ಕಕ್ಕೆ ಸೇರಿಸದಿದ್ದುದನ್ನು 1929ರಲ್ಲಿ ಗಾಂಧೀಜಿ ತಮ್ಮ ಪತ್ರಿಕೆಯಲ್ಲೇ ಬರೆದು ಪ್ರಕಟಿಸಿದರು. ಅರವತ್ತರ ಹೆಂಗಸಿನ ನಾಲ್ಕು ರೂಪಾಯಿ ಇಡೀ ದೇಶಕ್ಕೆ ಸುದ್ದಿಯಾಯಿತು.

1936ರಲ್ಲಿ ಹರಿಲಾಲ ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಆದ. ಕೆಲವೇ ತಿಂಗಳಲ್ಲಿ ಹಿಂದೂ ಧರ್ಮಕ್ಕೆ ಮರಳಿದ. ಆ ಸಮಯದಲ್ಲಿ ಕಸ್ತೂರಬಾ ಹೆಸರಿನಲ್ಲಿ ಮಗನಿಗೆ ಬರೆದ ಬಹಿರಂಗ ಪತ್ರ ಪತ್ರಿಕೆಗಳಲ್ಲಿ ಬಂದಿತು. ಇಳಿವಯಸ್ಸಿನ ತಂದೆತಾಯಿಗೆ ಈ ನೋವು ಏಕೆ ಎಂಬುದೇ ಅದರ ಅಳಲು.

ಅದೇ ಮಗನ ಬಗ್ಗೆ ಇನ್ನೊಂದು ಪ್ರಸಂಗವನ್ನು ಗಾಂಧಿ ಪರಿವಾರದವರು ಹೇಳಿಕೊಂಡು ಬಂದಿದ್ದಾರೆ. ದಂಪತಿಗಳು ಪ್ರಯಾಣಿಸುತ್ತಿದ್ದ ರೈಲು ಕಟ್ನಿ ನಿಲ್ದಾಣದಲ್ಲಿ ನಿಂತಾಗ ಜನ ಗಾಂಧೀಜಿಗೆ ಜಯಕಾರ ಹಾಕುತ್ತಿದ್ದರು. ಗುಂಪಿನಿಂದ ಒಂದೇ ಒಂದು ದನಿ ತಾಯಿ ಕಸ್ತೂರಬಾಗೆ ಜಯಕಾರ ಕೂಗಿತು. ಹರಿದ ಬಟ್ಟೆಯ ಹರಿಲಾಲ ಕಿಟಕಿಯ ಬಳಿ ಬಂದು ಒಂದು ಕಿತ್ತಳೆ ಹಣ್ಣನ್ನು ತಾಯಿಗೆ ಕೊಟ್ಟ. ಅದು ಅಮ್ಮನಿಗೆ ಮಾತ್ರ, ಅವಳೇ ತಿನ್ನಬೇಕು ಎಂದ. ರೈಲು ಹೊರಟ ಮೇಲೆ, ಮಗನಿಗೆ ತಿನ್ನಲು ಏನನ್ನೂ ಕೊಡಲಿಲ್ಲವಲ್ಲ ಎಂದು ತಾಯಿ ಮರುಗಿದರು.

ಆಗಾಖಾನ್ ಅರಮನೆಯ ಶಿವರಾತ್ರಿ

1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಗಾಂಧೀಜಿಯವರ ಬಂಧನವಾಯಿತು. ಅಂದು ಸಂಜೆ ಶಿವಾಜಿ ಪಾರ್ಕಿನಲ್ಲಿ ಅವರು ಮಾತನಾಡಬೇಕಿದ್ದ ಸಭೆಗೆ ತಾವೇ ಹೋಗುವೆನೆಂದ ಕಸ್ತೂರಬಾ ಅವರನ್ನೂ ಪೊಲೀಸರು ಬಂಧಿಸಿದರು. ಪುಣೆಯ ಆಗಾಖಾನ್ ಅರಮನೆಯೇ ಸೆರೆಮನೆ. ಆಗಸ್ಟ್ 15ರಂದು ಮಗನಂತಿದ್ದ ಮಹಾದೇವ ದೇಸಾಯಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆ ಆಘಾತದಿಂದ ಕಸ್ತೂರಬಾ ಚೇತರಿಸಿಕೊಳ್ಳಲೇ ಇಲ್ಲ.

1944ರ ಆರಂಭದಲ್ಲಿ ಹೃದ್ರೋಗ, ಶ್ವಾಸಕೋಶದ ಉರಿಯೂತ ಉಲ್ಬಣಿಸಿದವು. ಕೊನೆಯ ದಿನಗಳಲ್ಲಿ ಹರಿಲಾಲ ಬಂದ. ಕುಡಿದು ಬಂದಿದ್ದ ಮಗನನ್ನು ಕಂಡು ತಾಯಿ ಹಣೆ ಹಣೆ ಚಚ್ಚಿಕೊಂಡು ಅತ್ತರು. ದೇವದಾಸ ಆಗಿನ ಕಾಲಕ್ಕೆ ಹೊಸ ಔಷಧವಾಗಿದ್ದ ಪೆನಿಸಿಲಿನ್ ಅನ್ನು ವಿಮಾನದಲ್ಲಿ ತರಿಸಿದ. ಗಂಟೆಗಂಟೆಗೆ ಸೂಜಿ ಚುಚ್ಚಿ ನೋಯಿಸುವುದು ಬೇಡ, ದೈವದ ಮೇಲೆ ಭಾರ ಹಾಕೋಣ ಎಂದು ಗಾಂಧೀಜಿ ಮಗನ ಮನವೊಲಿಸಿದರು. ಫೆಬ್ರುವರಿ 22ರ ಸಂಜೆ, ಮಹಾಶಿವರಾತ್ರಿಯ ದಿನ, ಗಂಡನ ತೋಳುಗಳಲ್ಲಿ ಕಸ್ತೂರಬಾ ಪ್ರಾಣಬಿಟ್ಟರು. ವಯಸ್ಸು 74. ಗಾಂಧೀಜಿ ಸ್ವತಃ ನೂತ ನೂಲಿನ ಸೀರೆಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ದೇವದಾಸ ಚಿತೆಗೆ ಬೆಂಕಿಯಿಟ್ಟರು. ಎರಡನೇ ಮಗ ಮಣಿಲಾಲ ಆಗಲೂ ದಕ್ಷಿಣ ಆಫ್ರಿಕದ ಫೀನಿಕ್ಸಿನಲ್ಲೇ ಇದ್ದರು. 1956ರಲ್ಲಿ ತೀರಿಕೊಳ್ಳುವವರೆಗೂ ಆ ನೆಲ ಬಿಡಲಿಲ್ಲ. ತಾಯಿ ಕಟ್ಟಿದ ಪರದೇಶದ ಮನೆಯಲ್ಲಿ ಉಳಿದವರು ಅವರೊಬ್ಬರೇ.

ಅರವತ್ತು ವರ್ಷ ಮೀರಿದ ದಾಂಪತ್ಯ ಅಂದಿಗೆ ಮುಗಿಯಿತು. ದಹನ ಪೂರ್ತಿಯಾಗುವವರೆಗೂ ಗಾಂಧೀಜಿ ಅಲ್ಲಿಂದ ಕದಲಲಿಲ್ಲ.

ಉಳಿದದ್ದು ಏನು?

ಕಸ್ತೂರಬಾ ಸ್ಮಾರಕಕ್ಕೆಂದು ದೇಶ 75 ಲಕ್ಷ ರೂಪಾಯಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿತು. ಹಣ ಗುರಿಯನ್ನು ಮೀರಿ ಹರಿದುಬಂತು. ಹಳ್ಳಿಯ ಹೆಂಗಸರು ಮತ್ತು ಮಕ್ಕಳ ಸೇವೆಗಾಗಿ ಟ್ರಸ್ಟ್ ಸ್ಥಾಪನೆಯಾಯಿತು. ಅರಸೀಕೆರೆಯ ಕಸ್ತೂರಬಾ ಗ್ರಾಮ ಅದೇ ಪರಂಪರೆಯದು. ನಾಲ್ಕು ರೂಪಾಯಿಯನ್ನೂ ತನ್ನದೆಂದು ಇಟ್ಟುಕೊಳ್ಳಲಾಗದ ಹೆಣ್ಣಿನ ಹೆಸರಿನಲ್ಲಿ ಆ ನಿಧಿ!

ಕಸ್ತೂರಬಾ ಆತ್ಮಕಥೆ ಬರೆಯಲಿಲ್ಲ. ಅವರ ಬದುಕಿನ ಬಹುಭಾಗ ನಮಗೆ ತಿಳಿದಿರುವುದು ಗಂಡನ ಬರಹದಿಂದ. ತನ್ನ ತಪ್ಪುಗಳನ್ನು ಬಚ್ಚಿಡದ ಗಂಡ ಎಂಬುದು ಗಾಂಧೀಜಿಯವರ ದೊಡ್ಡತನ. ಅಹಿಂಸಾತ್ಮಕ ಪ್ರತಿರೋಧದ ಪಾಠವನ್ನು ತಾವು ಹೆಂಡತಿಯಿಂದಲೇ ಕಲಿತದ್ದಾಗಿ ಅವರು ಒಪ್ಪಿಕೊಂಡಿದ್ದಾರೆ. ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ, ಕಸ್ತೂರಬಾ ಅವರ ನಿಜವಾದ ಸ್ಮರಣೆ ಅವರ ಮೌನವನ್ನು ಹೊಗಳುವುದರಿಂದ ಆಗದು. ಗೇಟಿನ ಮುಂದೆ, ಚಿನ್ನದ ಸರದ ಮುಂದೆ, ಜೈಲಿಗೆ ಹೊರಟ ದಿನ ಅವರು ಕೇಳಿದ ಪ್ರಶ್ನೆಗಳನ್ನು ನೆನೆಯಬೇಕು.

ಇಂದು ಕನ್ನಡಿಗರ ಮನೆಗಳಿಂದಲೂ ಮಕ್ಕಳು ದೂರದೇಶಗಳಿಗೆ ಹೋಗಿ ನೆಲೆಸಿದ್ದಾರೆ. ಅವರ ಹಿಂದೆ ಹೋದ ತಾಯಂದಿರಿದ್ದಾರೆ, ಹೆಂಡತಿಯರಿದ್ದಾರೆ. ಅವರ ತ್ಯಾಗವನ್ನು ಕೊಂಡಾಡುವ ಮುನ್ನ ಒಂದು ಮಾತು ಕೇಳುವುದು ಒಳ್ಳೆಯದು. ಅವರು ಕೊಟ್ಟದ್ದೆಷ್ಟು, ನಾವು ಕೇಳದೆಯೇ ತೆಗೆದುಕೊಂಡದ್ದೆಷ್ಟು?